ನಮ್ಮ ಹೊಳಿ ಮಣ್ಣು ಎಲ್ಲಿಗೆ ಹೋಗ್ತಿತ್ತು, ಈಗ ಎಲ್ಲಿ ನಿಂತೈತಿ?

ಭಾಗ 1/8

ಫೋಟೋದಲ್ಲಿ ಕಾಣೋದು ಮಳೆಗಾಲದ ತುಂಗಭದ್ರೆ. ಬಣ್ಣ ನೋಡ್ರಿ, ಥೇಟ್ ಚಹಾದಂಗ ಐತಿ. ಜುಲೈ-ಆಗಸ್ಟ್‌ನಲ್ಲಿ ಹೊಳಿ ಹಿಂಗ ಕೆಂಪಾಗಿ ಬರೋದನ್ನ ನಾವೆಲ್ಲ ಸಣ್ಣೋರಿದ್ದಾಗಿನಿಂದ ನೋಡೀವಿ. "ಹೊಸ ನೀರು ಬಂತು" ಅಂತೀವಿ. ಖರೇ ಹೇಳಬೇಕಂದ್ರ ಅದು ಬರೀ ನೀರಲ್ಲ. ಶಿವಮೊಗ್ಗ, ದಾವಣಗೆರೆ, ಹಾವೇರಿ ಕಡೆಯ ಹೊಲದ ಮಣ್ಣು, ಮಲೆನಾಡಿನ ಗುಡ್ಡದ ಮಣ್ಣು, ನಮ್ಮ ಹಳ್ಳಗಳು ತಂದು ಸುರಿದ ಎರೆ ಮಣ್ಣು, ಎಲ್ಲಾ ಅದರೊಳಗ ಐತಿ.

ಈ ಮಣ್ಣು ಎಲ್ಲಿಗೆ ಹೋಗ್ತದ? ಈ ಸಲದ ಸರಣಿ ಪೂರ್ತಿ ಈ ಒಂದು ಪ್ರಶ್ನೆ ಮೇಲೆ.

ಭೂಗೋಳದ ಪುಸ್ತಕದಲ್ಲಿ ನಾವು ಓದಿದ ಉತ್ತರ: ನದಿ ಸಮುದ್ರ ಸೇರುವಲ್ಲಿ ಮೆಕ್ಕಲು ಮಣ್ಣು ಬಿಟ್ಟು ಮುಖಜಭೂಮಿ ಕಟ್ಟುತ್ತದೆ. ಡೆಲ್ಟಾ ಅಂದ್ರ ಅದೇ. ಗ್ರೀಕರ ಡೆಲ್ಟಾ ಅಕ್ಷರ ತ್ರಿಕೋನದಂಗ ಇರ್ತದ, ನೈಲ್ ನದಿಯ ಬಾಯಿಯ ನೆಲವೂ ತ್ರಿಕೋನದಂಗ ಇತ್ತು, ಅದಕ್ಕ ಆ ಹೆಸರು. ಎರಡು ಮಾರ್ಕಿನ ಪ್ರಶ್ನೆ, ಮುಗೀತು. ಆದ್ರ "ನಿಮ್ಮ ಊರಿನ ಹೊಳಿಯ ಡೆಲ್ಟಾ ಎಲ್ಲಿ ಐತಿ?" ಅಂತ ನಮ್ಮನ್ನ ಯಾರೂ ಕೇಳಲಿಲ್ಲ. ಕರ್ನಾಟಕದ ನಕ್ಷೆಯಲ್ಲಿ ಹುಡುಕಿದ್ರ ಸಿಗೋದೂ ಇಲ್ಲ. ಶರಾವತಿ, ಕಾಳಿಯಂಥ ಪಶ್ಚಿಮದ ನದಿಗಳು ಘಟ್ಟದಿಂದ ಇಳಿದು ಸ್ವಲ್ಪ ದೂರದಲ್ಲೇ ಸಮುದ್ರ ಸೇರ್ತಾವ, ಅಲ್ಲಿ ಅಳಿವೆ ಇರ್ತದ, ದೊಡ್ಡ ಡೆಲ್ಟಾ ಇಲ್ಲ. ಕಾವೇರಿಯ ಡೆಲ್ಟಾ ತಮಿಳುನಾಡಿನ ತಂಜಾವೂರು ಕಡೆ. ನಮ್ಮದು ಆಂಧ್ರದಲ್ಲಿ.

ಕೂಡ್ಲಿಯಲ್ಲಿ ತುಂಗಾ, ಭದ್ರಾ ಒಂದಾದ ಮೇಲೆ ಹೊಳಿ 531 ಕಿಲೋಮೀಟರ್ ಹರಿದು ಆಲಂಪುರದ ಹತ್ರ ಕೃಷ್ಣೆಗೆ ಸೇರ್ತದ. ಕೃಷ್ಣೆ ಶ್ರೀಶೈಲ ದಾಟಿ, ವಿಜಯವಾಡ ದಾಟಿ, ಬಂಗಾಳ ಕೊಲ್ಲಿ ಸೇರ್ತಾಳ. ವಿಜಯವಾಡದಿಂದ ಸಮುದ್ರದವರೆಗೆ ಬೀಸಣಿಗೆಯಂಗ ಹರಡಿದ ಭತ್ತದ ನಾಡು ಐತಲ್ಲ, ಅದರ ಮಣ್ಣಿನೊಳಗ ಒಂದು ಪಾಲು ನಮ್ಮದು.

ಭಾಗ 2/8

ಇದು ತಾಮ್ರಪಟದ ಫೋಟೋ ಅಲ್ಲ, ನಮ್ಮೂರಿನ ಕಲ್ಲೇಶ್ವರ ಗುಡಿ. ತಾಮ್ರಪಟದ ಒಳ್ಳೆ ಫೋಟೋ ನನ್ನ ಹತ್ರ ಇಲ್ಲ, ಆದ್ರ ಕಥೆ ಐತಿ.

ಪ್ರಾಚೀನ ಇತಿಹಾಸ ಓದೋರಿಗೆ ದೇಶದ ತುಂಬ "ಹಿರೇಹಡಗಲಿ ತಾಮ್ರಪಟ" ಗೊತ್ತು. ನಮ್ಮೂರಾಗಿನ ಎಷ್ಟೋ ಮಂದಿಗೆ ಗೊತ್ತಿಲ್ಲ! ಕಾಂಚಿಯ ಪಲ್ಲವರ ರಾಜ ಶಿವಸ್ಕಂದವರ್ಮ ತನ್ನ ಎಂಟನೇ ಆಳ್ವಿಕೆ ವರ್ಷದಲ್ಲಿ ಹೊರಡಿಸಿದ ದಾನಶಾಸನ ಅದು. ಕಾಲ ಸುಮಾರು ಕ್ರಿ.ಶ. 4ನೇ ಶತಮಾನ, ಭಾಷೆ ಪ್ರಾಕೃತ. ನಮ್ಮ ಸೀಮೆಗೆ ಅದರಲ್ಲಿರುವ ಹೆಸರು "ಸಾತಾಹನಿ ರಟ್ಟ". ಸಾತವಾಹನರ ನೆನಪು ಆ ಹೆಸರಿನೊಳಗೆ ಇನ್ನೂ ಉಳಿದಿತ್ತು. ಬ್ಯೂಲರ್ ಎಂಬ ವಿದ್ವಾಂಸ ಇದನ್ನ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲೇ ಪ್ರಕಟಿಸಿದರು.

ಡೆಲ್ಟಾಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೇ ಶಿವಸ್ಕಂದವರ್ಮ ಯುವರಾಜನಾಗಿದ್ದಾಗ ಬರೆಸಿದ ಇನ್ನೊಂದು ಪ್ರಾಕೃತ ತಾಮ್ರಪಟ ಸಿಕ್ಕಿದ್ದು ಗುಂಟೂರು ಸೀಮೆಯ ಮಯಿದವೋಲಿನಲ್ಲಿ. ಅದು ಧಾನ್ಯಕಟಕದ ಅಧಿಕಾರಿಗೆ ಕಳಿಸಿದ ಆಜ್ಞೆ. ಧಾನ್ಯಕಟಕ ಅಂದ್ರ ಇವತ್ತಿನ ಅಮರಾವತಿ, ಕೃಷ್ಣಾ ಡೆಲ್ಟಾದ ಬಾಗಿಲಲ್ಲಿರೋ ಊರು. ಒಬ್ಬನೇ ರಾಜನ ಒಂದು ಪಟ ಹೊಳಿಯ ಮೇಲ್ಗಡೆ ನಮ್ಮ ಊರಲ್ಲಿ, ಇನ್ನೊಂದು ಕೆಳಗಡೆ. 1600 ವರ್ಷದ ಹಿಂದೆ ಈ ಎರಡೂ ಜಾಗ ಒಂದೇ ಆಡಳಿತದ ಲೆಕ್ಕದೊಳಗೆ ಇದ್ದವು.

ಹಡಗಲಿ ಅನ್ನೋ ಹೆಸರೇ ಹಡಗಿನಿಂದ ಬಂತು, ಇಲ್ಲಿಂದ ಹೂವು ತುಂಬಿ ಹಂಪಿಗೆ ಕಳಿಸ್ತಿದ್ರು ಅಂತ ಹಿರಿಯರು ಹೇಳ್ತಾರ. ಅದು ಜನ ಹೇಳೋ ಕಥೆ, ಶಾಸನದ ಮಾತಲ್ಲ. ನನಗಂತೂ ಇಷ್ಟ. ಆದ್ರ ಹೂವಿಗಿಂತ ಎಷ್ಟೋ ಪಟ್ಟು ಹೆಚ್ಚು ಮಣ್ಣು ಈ ಹೊಳಿ ಮೇಲೆ ಸಾಗಿ ಹೋಗೈತಿ, ಅದಕ್ಕ ಯಾರೂ ಕಥೆ ಕಟ್ಟಲಿಲ್ಲ.

ಭಾಗ 3/8

ಈಗ ಡೆಲ್ಟಾ ಹೆಂಗ ಹುಟ್ಟುತ್ತ ನೋಡೋಣ. ಫೋಟೋದಲ್ಲಿರೋದು ನಮ್ಮ ಹೊಲದ ಬದುವಿನ ನೀರು ಕೆರೆಗೆ ಇಳಿಯೋ ಜಾಗ. ಸಣ್ಣದಾಗಿ ಬೀಸಣಿಗೆ ಆಕಾರ ಮೂಡಿದೆ, ಕಾಣ್ತಾ? ಅದೂ ಡೆಲ್ಟಾನೇ, ಪುಟ್ಟದು.

ಓಡೋ ನೀರಿಗೆ ಮಣ್ಣು ಹೊರೋ ಶಕ್ತಿ ಇರ್ತದ. ನಿಂತ ನೀರಿಗೆ ಬಂದು ಮುಟ್ಟಿದ ಕೂಡಲೇ ಓಟ ಕಡಿಮೆಯಾಗುತ್ತೆ, ಹೊರೆ ಇಳಿಸಬೇಕಾಗುತ್ತೆ. ಮೊದಲು ದಪ್ಪ ಮರಳು ಬೀಳುತ್ತೆ, ಆಮೇಲೆ ಸಣ್ಣ ಮರಳು, ಕೊನೆಗೆ ಹಿಟ್ಟಿನಂಥ ಜೇಡಿ. ಬಿದ್ದ ಮಣ್ಣೇ ನೀರಿನ ದಾರಿಗೆ ಅಡ್ಡ ಆಗುತ್ತೆ, ಆಗ ಹೊಳಿ ಎರಡು ಕವಲಾಗಿ ಒಡೀತದ. ಕವಲು ಮತ್ತೆ ಒಡೀತದ. ಒಂದು ಕಡೆ ನೆಲ ಎತ್ತರ ಆದ್ರ ಹೊಳಿ ಅದನ್ನ ಬಿಟ್ಟು ತಗ್ಗಿನ ಕಡೆ ತಿರುಗ್ತದ, ಅಲ್ಲಿ ಕಟ್ಟೋಕೆ ಶುರು ಮಾಡ್ತದ. ಹಿಂಗ ಸಾವಿರಾರು ವರ್ಷ.

ಜಗತ್ತಿನ ದೊಡ್ಡ ಡೆಲ್ಟಾಗಳು ಬಹಳ ಹಳೇವೇನಲ್ಲ. ಹಿಮಯುಗ ಮುಗಿದು ಸಮುದ್ರ ಏರಿ, ಆ ಏರಿಕೆ ನಿಧಾನವಾದ ಮೇಲೆ, ಅಂದ್ರ ಈಗಿನಿಂದ ಸುಮಾರು 6ರಿಂದ 8 ಸಾವಿರ ವರ್ಷದ ಈಚೆಗೆ ಕಟ್ಟಿಕೊಂಡಂಥವು.

ಪುಸ್ತಕದಲ್ಲಿ ಬಿಟ್ಟು ಹೋಗೋ ಮುಖ್ಯ ಮಾತು ಒಂದೈತಿ: ಡೆಲ್ಟಾ ಒಮ್ಮೆ ಕಟ್ಟಿ ಮುಗಿಸೋ ಮನೆ ಅಲ್ಲ. ಹಸಿ ಮಣ್ಣು ತನ್ನ ಭಾರಕ್ಕೇ ಕುಗ್ಗುತ್ತಾ ಹೋಗುತ್ತೆ. ಅಲೆಗಳು ಅಂಚನ್ನ ದಿನಾ ಕೊರೀತಾವ. ಅಷ್ಟು ನಷ್ಟವನ್ನ ಪ್ರತಿ ವರ್ಷದ ಪ್ರವಾಹ ಹೊಸ ಮಣ್ಣು ಹಾಕಿ ತುಂಬಬೇಕು. ನಮ್ಮ ಅಜ್ಜಿ ಕಾಲದ ಮಾಳಿಗೆ ಮನೆಗೆ ವರ್ಷಾ ಮಳೆಗಾಲದ ಮುಂಚೆ ಮೇಲ್ಮುದ್ದಿ ಹಾಕ್ತಿದ್ರಲ್ಲ, ಹಂಗ. ಮಣ್ಣು ಹಾಕೋದು ನಿಲ್ಲಿಸಿದ್ರ ಮಾಳಿಗೆ ಸೋರ್ತದ.

ಭಾಗ 4/8

ಘಂಟಸಾಲ. ಗಾಯಕರ ಹೆಸರಲ್ಲ, ಊರ ಹೆಸರು. ಕೃಷ್ಣಾ ಡೆಲ್ಟಾದೊಳಗೆ, ಮಚಲಿಪಟ್ಟಣದ ಪಶ್ಚಿಮಕ್ಕೆ ಐತಿ. ಅಲ್ಲಿ ಹಳೆ ಬೌದ್ಧ ಸ್ತೂಪ ಐತಿ. 2ನೇ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಈ ತೀರದಲ್ಲಿ ಹೇಳೋ "ಕೊಂಟಕೊಸ್ಸಿಲ" ಅನ್ನೋ ವ್ಯಾಪಾರ ಪಟ್ಟಣ ಇದೇ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ರೋಮ್ ಕಡೆಯ ವ್ಯಾಪಾರ ಮುಟ್ಟುತ್ತಿದ್ದ ಊರು ಇವತ್ತು ಸಮುದ್ರದಿಂದ ಎಷ್ಟೋ ಒಳಗೆ, ಭತ್ತದ ಗದ್ದೆ ನಡುವೆ ಕೂತೈತಿ.

ಊರು ಸರಿದಿಲ್ಲ. ಸಮುದ್ರ ಸರಿದಿದೆ, ಅಥವಾ ಸರಿಯಾಗಿ ಹೇಳಬೇಕಂದ್ರ ಹೊಳಿ ಅದನ್ನ ತಳ್ಳಿದೆ.

ಇಷ್ಟೊಂದು ಮಣ್ಣು ಎಲ್ಲಿಂದ ಬಂತು? ಮಳೆ, ಗಾಳಿ, ಇಳಿಜಾರು ಇದ್ದೇ ಇವೆ. ಆದ್ರ ಮನುಷ್ಯನೂ ಇದ್ದಾನ. ದಖ್ಖನ್‌ನಲ್ಲಿ ಕಬ್ಬಿಣದ ಕೊಡಲಿ, ನೇಗಿಲು ಬಂದ ಮೇಲೆ ಕಾಡು ಕಡಿದು ಹೊಲ ಮಾಡಿದ್ರು. ಬಯಲಾದ ನೆಲದ ಮೇಲಿನ ಮಣ್ಣು ಮಳೆಗೆ ಬೇಗ ಹೋಗ್ತದ. ನಮ್ಮ ಎರೆ ಹೊಲದಲ್ಲಿ ಒಂದು ದೊಡ್ಡ ಮಳೆ ಆದ ಮರುದಿನ ಹೋಗಿ ನೋಡ್ರಿ, ಕೊರಕಲು ಬಿದ್ದಿರ್ತದ. ನೆರೆಯ ಗೋದಾವರಿ ಬಗ್ಗೆ ವಿಜ್ಞಾನಿಗಳು ಕೊಲ್ಲಿಯ ತಳದ ಕೆಸರು ತೆಗೆದು ಪರೀಕ್ಷೆ ಮಾಡಿ, ದಖ್ಖನ್‌ನ ಬೇಸಾಯ ಹರಡಿದ ಕಾಲದಿಂದ ಮಣ್ಣಿನ ಕೊಚ್ಚಣೆ ಹೆಚ್ಚಾಯ್ತು ಅಂತ ಹೇಳಿದ್ದಾರೆ. ಅಂದ್ರ "ಪ್ರಕೃತಿ ಕಟ್ಟಿತು, ಮನುಷ್ಯ ಕೆಡಿಸಿದ" ಅನ್ನೋ ಸುಲಭದ ಸಾಲು ಇಲ್ಲಿ ನಡೆಯೋದಿಲ್ಲ. ಮೇಲಿನ ರೈತ ಕಳಕೊಂಡ ಮಣ್ಣು ಕೆಳಗಿನ ರೈತನ ಗದ್ದೆ ಆಯ್ತು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ.

ಭಾಗ 5/8

ಈಗ ಕಟ್ಟೆಗಳ ವಿಷಯ. ಇದು ಉದ್ದ ಆಗ್ತದ, ಓದ್ರಿ.

ಹೊಳಿಗೆ ಕಟ್ಟೆ ಹಾಕೋದು ಹೊಸದೇನಲ್ಲ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡ ಕಟ್ಟೆ ಕಟ್ಟಿ ಕಾಲುವೆ ತೆಗೆದಿದ್ರು. ತುರ್ತು ಕಾಲುವೆ ಇವತ್ತಿಗೂ ಹಂಪಿಯ ಬಾಳೆ ತೋಟಕ್ಕೆ ನೀರು ಕೊಡ್ತದ. ಆದ್ರ ಅವು ತಗ್ಗಿನ ಕಟ್ಟೆಗಳು. ಪ್ರವಾಹ ಬಂದ್ರ ನೀರು ಮೇಲಿಂದ ಹಾರಿ ಹೋಗ್ತಿತ್ತು, ಮಣ್ಣೂ ಜೊತೆಗೆ ಹೋಗ್ತಿತ್ತು.

ಡೆಲ್ಟಾದಲ್ಲೂ ಅಷ್ಟೇ. 1832-33ರ ಗುಂಟೂರು ಕ್ಷಾಮದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹೊಳಿ ಪಕ್ಕದಲ್ಲೇ ಹರೀತಿದ್ರೂ ಹೊಲಕ್ಕೆ ನೀರಿಲ್ಲ. ಅದಾದ ಮೇಲೆ ಆರ್ಥರ್ ಕಾಟನ್ ಎಂಬ ಎಂಜಿನಿಯರ್ ಒತ್ತಾಯದಿಂದ, ಚಾರ್ಲ್ಸ್ ಆರ್ ಉಸ್ತುವಾರಿಯಲ್ಲಿ, ವಿಜಯವಾಡದಲ್ಲಿ 1852ರಿಂದ 1855ರವರೆಗೆ ಕಟ್ಟೆ ಕಟ್ಟಿದರು. ಇವತ್ತು ಅದರ ಜಾಗದಲ್ಲಿ 1957ರ ಪ್ರಕಾಶಂ ಬ್ಯಾರೇಜ್ ಐತಿ. ಡೆಲ್ಟಾದ ಜನ ಕಾಟನ್‌ನ ಫೋಟೋ, ಮೂರ್ತಿ ಇಟ್ಟು ಇವತ್ತಿಗೂ ಗೌರವ ಕೊಡ್ತಾರ. ಅದೇ ಕಾಟನ್ 1860ರಲ್ಲಿ ತುಂಗಭದ್ರೆ ನೀರನ್ನ ಬಳ್ಳಾರಿ, ರಾಯಲಸೀಮೆಯ ಬರದ ನಾಡಿಗೆ ಹರಿಸೋ ಯೋಜನೆಯನ್ನೂ ಮುಂದಿಟ್ಟಿದ್ದ. ಅದು ಕಾಗದದಲ್ಲೇ ಉಳೀತು. 1876-78ರ ಬರದಲ್ಲಿ ನಮ್ಮ ಜಿಲ್ಲೆ ಸುಟ್ಟು ಹೋಯ್ತು. ಯೋಜನೆ ಮತ್ತೂ ಕಾಗದದಲ್ಲೇ ಇತ್ತು.

ಮದ್ರಾಸ್ ಸರ್ಕಾರ ಮತ್ತು ಹೈದರಾಬಾದ್ ನಿಜಾಮರ ಸರ್ಕಾರ ನೀರಿನ ಪಾಲಿಗೆ ದಶಕಗಟ್ಟಲೆ ಜಗ್ಗಾಡಿ, ಕೊನೆಗೆ 1945ರ ಫೆಬ್ರವರಿ 28ಕ್ಕೆ ಹೊಳಿಯ ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. 1953ಕ್ಕೆ ನೀರು ನಿಂತಿತು. 33 ಗೇಟು, ಸುಮಾರು 378 ಚದರ ಕಿಲೋಮೀಟರ್ ನೀರು. ಸುಮಾರು 90 ಹಳ್ಳಿ ಮುಳುಗಿದವು, 54 ಸಾವಿರದಷ್ಟು ಜನ ಮನೆ ಬಿಟ್ಟರು. ನಾರಾಯಣದೇವರಕೆರೆ ಮುಳುಗಿ ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದರು. ಈ ಸರಣಿ ಓದ್ತಿರೋರಲ್ಲಿ ಕೆಲವರ ಅಜ್ಜ-ಅಜ್ಜಿ ಆ ಲೆಕ್ಕದಲ್ಲಿರಬಹುದು.

1953ನ್ನ ಸ್ವಲ್ಪ ನೆನಪಿಡ್ರಿ. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು, ನಮ್ಮ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲಾ ಮದ್ರಾಸ್ ಬಿಟ್ಟು ಮೈಸೂರಿಗೆ ಸೇರಿದವು. ಅಲ್ಲಿವರೆಗೆ ಹಿರೇಹಡಗಲಿಯೂ ಮಚಲಿಪಟ್ಟಣವೂ ಒಂದೇ ಮದ್ರಾಸ್ ಪ್ರಾಂತದ ಊರುಗಳು! ಒಂದೇ ವರ್ಷದಲ್ಲಿ ಮೇಲಿನ ನಾಡಿಗೂ ಡೆಲ್ಟಾಕ್ಕೂ ನಡುವೆ ರಾಜ್ಯದ ಗಡಿಯೂ ಬಿತ್ತು, ಮಣ್ಣಿಗೆ ಗೋಡೆಯೂ ಬಿತ್ತು. ಗಡಿಯ ಬಗ್ಗೆ ಪುಸ್ತಕ ಬಂದವು, ಗೋಡೆಯ ಹಿಂದೆ ನಿಂತ ಮಣ್ಣಿನ ಬಗ್ಗೆ ಬಹಳ ಕಾಲ ಯಾರೂ ಮಾತಾಡಲಿಲ್ಲ.

ಭಾಗ 6/8

ಈಗ ಲೆಕ್ಕ. ಗಣಿತ ಬೇಡ ಅನ್ನೋರು ಕೊನೆ ಸಾಲಿಗೆ ಹೋಗ್ರಿ.

ಡ್ಯಾಂ ಕಟ್ಟಿದಾಗ ಹಿಡೀತಿದ್ದ ನೀರು ಸುಮಾರು 133 ಟಿಎಂಸಿ. ಹೂಳಿನ ಸರ್ವೆ ಆಗಾಗ ಮಾಡ್ತಾರ. ಒಮ್ಮೆ 100.855 ಟಿಎಂಸಿ ಅಂತ ಬಂದಿತ್ತು, ಆಮೇಲಿನ ಸರ್ವೆಯಲ್ಲಿ 105.788. ಈ ದೊಡ್ಡ ಅಂಕಿಯನ್ನೇ ಹಿಡಿದ್ರೂ 27 ಟಿಎಂಸಿ ಜಾಗ ಹೂಳಿಗೆ ಹೋಗೈತಿ. ಐದರಲ್ಲಿ ಒಂದು ಪಾಲು.

ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ. 27 ಟಿಎಂಸಿ ಅಂದ್ರ ಹತ್ರ ಹತ್ರ 77 ಕೋಟಿ ಘನ ಮೀಟರ್. ಒಂದು ಟ್ರ್ಯಾಕ್ಟರ್ ಟ್ರ್ಯಾಲಿಗೆ 3 ಘನ ಮೀಟರ್ ಅಂತ ಇಟ್ಕೊಂಡ್ರ 25 ಕೋಟಿ ಟ್ರ್ಯಾಲಿ ದಾಟ್ತದ. ದಿನಕ್ಕೆ 10 ಸಾವಿರ ಟ್ರ್ಯಾಲಿ, ಒಂದು ದಿನಾನೂ ರಜೆ ಇಲ್ಲದೆ ಹೊಡೆದ್ರೂ ಸುಮಾರು 70 ವರ್ಷ. ತುಂಬೋಕೂ ಅಷ್ಟೇ ವರ್ಷ ಹಿಡಿದಿತ್ತು. ಅಷ್ಟರಲ್ಲಿ ಹೊಸ ಹೂಳು ಬಂದೇ ಬರ್ತದ. "ಹೂಳು ಎತ್ತಿ, ಮುಗೀತು" ಅಂತ ಭಾಷಣ ಕೇಳಿದಾಗ ಈ ಲೆಕ್ಕ ನೆನಪು ಮಾಡ್ಕೊಳ್ರಿ. ಅದಕ್ಕೇ ಸರ್ಕಾರ ಗಂಗಾವತಿ-ಕನಕಗಿರಿ ಕಡೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟೋ ಮಾತಾಡ್ತಿರೋದು.

ಮಣ್ಣು ಬಿದ್ದಿರೋದು ಹೆಂಗ? ಭಾಗ 3ರಲ್ಲಿ ಹೇಳಿದ್ದೇ. ಓಡೋ ಹೊಳಿ ನಿಂತ ನೀರನ್ನ ಮುಟ್ಟಿದಲ್ಲಿ ಮೊದಲು ಮರಳು, ಮುಂದೆ ಸಣ್ಣ ಮಣ್ಣು, ಡ್ಯಾಂ ಕಡೆಗೆ ಜೇಡಿ. ಸಮುದ್ರದ ಬಾಯಲ್ಲಿ ಆಗಬೇಕಾದ್ದು ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಲ್ಲಿ ಆಗ್ತೈತಿ. ಬ್ಯಾಸಗಿಯಲ್ಲಿ ನೀರು ಇಳಿದಾಗ ಆ ಮೆಕ್ಕಲು ಮಣ್ಣು ಮೇಲೆ ಕಾಣ್ತದ, ಫೋಟೋದಲ್ಲಿ ಬಿರುಕು ಬಿಟ್ಟಿರೋದು ಅದೇ. ಕರ್ನಾಟಕದ ನಕ್ಷೆಯಲ್ಲಿ ಡೆಲ್ಟಾ ಇಲ್ಲ ಅಂದಿದ್ದೆನಲ್ಲ, 1953ರ ಮೇಲೆ ಒಂದು ಹುಟ್ಟೈತಿ ಅನ್ನಬಹುದು, ನಮ್ಮ ಹಿತ್ತಲಲ್ಲೇ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿ ಹೋಗಿದ್ದು ನಿಮಗೆಲ್ಲ ನೆನಪಿದೆ. ಎಷ್ಟು ನೀರು ಬಿಟ್ಟರು! ನೀರು ಡೆಲ್ಟಾದ ದಾರಿ ಹಿಡೀತು. ಹೂಳು ಕೂತಲ್ಲೇ ಕೂತಿತ್ತು.

ಭಾಗ 7/8

ಹಂಸಲದೀವಿ. ಕೃಷ್ಣೆಯ ಒಂದು ಕವಲು ಸಮುದ್ರ ಸೇರೋ ಜಾಗ. ಮಾಘ ಹುಣ್ಣಿಮೆಗೆ ಅಲ್ಲಿ ದೊಡ್ಡ ಜಾತ್ರೆ, ಸಂಗಮ ಸ್ನಾನ. ಮಾಘ ಹುಣ್ಣಿಮೆ ಅಂದ್ರ ನಮ್ಮ ಭರತ ಹುಣ್ಣಿಮೆ! ನಾವು ಮೈಲಾರದ ಜಾತ್ರೆಗೆ ಹೊಳಿ ದಾಟಿ ಬರೋರನ್ನ ನೋಡೋ ಹೊತ್ತಿಗೆ ಅದೇ ಹೊಳಿಯ ತುದೀಲಿ ಅವರು ಮುಳುಗು ಹಾಕ್ತಿರ್ತಾರ.

ಕೃಷ್ಣೆ ಕೊನೆಯಲ್ಲಿ ಕವಲೊಡೆದಾಗ ನಡುವೆ ಉಳಿದ ದ್ವೀಪದಂಥ ನೆಲಕ್ಕೆ ದಿವಿಸೀಮ ಅಂತಾರ. ಸಮುದ್ರ ಮಟ್ಟಕ್ಕಿಂತ ಎತ್ತರ ಬಹಳ ಕಡಿಮೆ. 1977ರ ನವೆಂಬರ್ 19ರ ಚಂಡಮಾರುತದಲ್ಲಿ ಸಮುದ್ರ ಎದ್ದು ಈ ಸೀಮೆ ಮೇಲೆ ಹರೀತು. ಸತ್ತವರು ಸರ್ಕಾರದ ಲೆಕ್ಕದಲ್ಲೇ 10 ಸಾವಿರದ ಹತ್ತಿರ, ಜನ ಹೇಳೋದು ಇನ್ನೂ ಹೆಚ್ಚು. ಇಂಥ ಕಡೆ ತೀರ ಒಳಗೆ ಸರಿದ್ರ, ಕಾಂಡ್ಲಾ ಕಾಡು ಕಡಿಮೆಯಾದ್ರ, ಅದು ಬರೀ ನಕ್ಷೆಯ ಗೆರೆಯ ವಿಷಯ ಅಲ್ಲ.

ಮತ್ತೆ ತೀರ ಸರೀತಾ ಐತಿ. ನಮ್ಮ ಡ್ಯಾಂ ಒಂದೇ ಕಾರಣ ಅಂತ ಹೇಳಿದ್ರ ಸುಳ್ಳಾಗ್ತದ. ಕೃಷ್ಣೆಗೆ 1967ರಲ್ಲಿ ನಾಗಾರ್ಜುನಸಾಗರ ಬಂತು, ಆಮೇಲೆ ಶ್ರೀಶೈಲ, ಆಲಮಟ್ಟಿ. ಇವತ್ತು ತುಂಗಭದ್ರಾ ಡ್ಯಾಂ ದಾಟಿದ ಮಣ್ಣಿಗೂ ಮುಂದೆ ಶ್ರೀಶೈಲ, ನಾಗಾರ್ಜುನಸಾಗರ ಕಾದು ಕೂತಾವ. ಒಂದು ಜರಡಿ ಅಲ್ಲ, ಸಾಲು ಜರಡಿ. ಬರಗಾಲದ ವರ್ಷ ವಿಜಯವಾಡದ ಕೆಳಗೆ ಸಮುದ್ರಕ್ಕೆ ಹೋಗೋ ನೀರೂ ಹೆಚ್ಚುಕಡಿಮೆ ನಿಂತೇ ಹೋಗ್ತದ. ಆಗ ಅಂತರ್ಜಲಕ್ಕೆ ಉಪ್ಪು ನೀರು ನುಗ್ಗುತ್ತೆ. ಸಿಗಡಿ ಹೊಂಡಗಳೂ ಇದಕ್ಕೆ ತಮ್ಮ ಪಾಲು ಸೇರಿಸ್ತಾವ.

2009ರಲ್ಲಿ ವಿಜ್ಞಾನಿಗಳ ಒಂದು ತಂಡ ಜಗತ್ತಿನ 33 ಡೆಲ್ಟಾಗಳನ್ನ ನೋಡಿ ಅಪಾಯದ ಮಟ್ಟ ಗುರುತಿಸಿತ್ತು. ಹೊಸ ಮಣ್ಣು ಬರೋದು ಹೆಚ್ಚುಕಡಿಮೆ ನಿಂತ, ಇಲ್ಲವೇ ನೆಲ ಬಹಳ ವೇಗವಾಗಿ ಕುಗ್ಗುತ್ತಿರೋ ಗುಂಪಿನಲ್ಲಿ ನೈಲ್, ಚೀನಾದ ಹಳದಿ ನದಿ ಜೊತೆಗೆ ಕೃಷ್ಣೆಯ ಹೆಸರೂ ಐತಿ. ನೈಲ್‌ಗೆ 1970ರಲ್ಲಿ ಮುಗಿದ ಆಸ್ವಾನ್ ದೊಡ್ಡ ಅಣೆಕಟ್ಟು ಹೆಂಗೋ, ಕೃಷ್ಣೆಗೆ ಇವೆಲ್ಲ ಹಂಗ. ನಾವು ಪರೀಕ್ಷೆಗೆ ನೈಲ್ ಬಗ್ಗೆ ಬರೀತೀವಿ. ಕೃಷ್ಣೆಯ ಡೆಲ್ಟಾದ ಬಗ್ಗೆ "ಭತ್ತ ಬೆಳೆಯುತ್ತಾರೆ" ಅಂತ ಒಂದು ಸಾಲು.

ಭಾಗ 8/8

ಕೆಳಗೆ ಕಾಮೆಂಟ್ ಬರೋದಕ್ಕಿಂತ ಮುಂಚೆ ಎರಡು ಮಾತು ನಾನೇ ಹೇಳ್ತೀನಿ.

ಒಂದು: "ಹಂಗಾದ್ರ ಡ್ಯಾಂ ಕಟ್ಟಬಾರದಿತ್ತಾ?" ನನಗೆ ಹಂಗ ಅನ್ನಿಸಲ್ಲ. 1876-78ರ ಬರದ ಕಥೆ ಗೊತ್ತಿದ್ದೋರು ಹಂಗ ಸಲೀಸಾಗಿ ಅನ್ನಲಾರರು. ಸಿರುಗುಪ್ಪ, ಗಂಗಾವತಿಯ ಭತ್ತ, ಎಷ್ಟೋ ಊರಿನ ಕುಡಿಯೋ ನೀರು ಆ ಡ್ಯಾಂನಿಂದ. ತಪ್ಪು ಕಟ್ಟಿದ್ದರಲ್ಲಿಲ್ಲ, ಲೆಕ್ಕದಲ್ಲೈತಿ. ನೀರಿನ ಪ್ರತಿ ಟಿಎಂಸಿಗೂ ರಾಜ್ಯ ರಾಜ್ಯ ಕೋರ್ಟಿಗೆ ಹೋದವು, ನ್ಯಾಯಮಂಡಳಿ ಕೂತಿತು, ತುಂಗಭದ್ರಾ ಮಂಡಳಿ ಆಯ್ತು. ಮಣ್ಣಿಗೆ ಯಾರೂ ಪಾಲು ಕೇಳಲಿಲ್ಲ. ಮೇಲಿನವರಿಗೆ ಅದು ಹೂಳು, ತೊಂದರೆ. ಕೆಳಗಿನವರಿಗೆ ಅದೇ ನೆಲ. ಚೀನಾದವರು 2002ರಿಂದ ಹಳದಿ ನದಿಯ ಶಿಯಾವ್‌ಲಾಂಗ್‌ಡಿ ಅಣೆಕಟ್ಟಿನಿಂದ ಲೆಕ್ಕ ಹಾಕಿ ನೀರು ಬಿಟ್ಟು ಹೂಳನ್ನ ಕೆಳಗೆ ತಳ್ಳೋ ಪ್ರಯತ್ನ ಮಾಡ್ತಾರ. ನಮ್ಮ ಹಳೆ ಡ್ಯಾಂಗೆ ಅದು ಹಂಗೇ ಹೊಂದಲ್ಲ, ತಳದಲ್ಲಿ ಅಷ್ಟು ದೊಡ್ಡ ಬಾಗಿಲುಗಳೂ ಇಲ್ಲ.

ಎರಡು: ಮರಳು. ನಮ್ಮ ಕಡೆ ಹೊಳಿ ಮರಳಿನ ವಿಷಯ ಎತ್ತಿದ್ರ ಎಲ್ಲರೂ ಸುಮ್ಮನಾಗ್ತಾರ. "ಇಲ್ಲಿ ಮರಳು ತೆಗೆದ್ರ ಅಲ್ಲಿ ಡೆಲ್ಟಾ ಕೊಚ್ಚಿ ಹೋಗ್ತದ" ಅಂತ ಬರೆದ ಪೋಸ್ಟ್ ನೋಡಿದೀನಿ. ಅದು ಪೂರ್ತಿ ಸರಿ ಅಲ್ಲ, ಇಲ್ಲಿನ ಮರಳು ಹೆಂಗಿದ್ರೂ ಡ್ಯಾಂ ದಾಟಲ್ಲ. ಮರಳು ಹೋದ್ರ ನಷ್ಟ ನಮಗೇ: ಹೊಳಿ ಪಾತ್ರ ತಗ್ಗಾಗುತ್ತೆ, ದಂಡೆ ಕುಸಿಯುತ್ತೆ, ಮರಳಿನೊಳಗೆ ನಿಲ್ಲೋ ನೀರು ನಿಲ್ಲಲ್ಲ, ದಂಡೆಯ ಬಾವಿ ಒಣಗ್ತಾವ. ಹೊಲದ ಕಥೆ ಬೇರೆ. ಬದು ಹಾಕಿ, ಕೃಷಿ ಹೊಂಡ ತೆಗೆದು ಮಣ್ಣನ್ನ ಹೊಲದಲ್ಲೇ ಹಿಡಿದ್ರ ಡ್ಯಾಂಗೆ ಬರೋ ಹೂಳು ಕಡಿಮೆ. ರೈತನಿಗೂ ಲಾಭ, ಡ್ಯಾಂಗೂ ಲಾಭ. ಡೆಲ್ಟಾಕ್ಕೆ? ಅದಕ್ಕೆ ಇದರಿಂದ ಏನೂ ಸಿಗಲ್ಲ. ಇದೇ ಕಷ್ಟದ ಜಾಗ, ಎಲ್ಲರಿಗೂ ಒಂದೇ ಔಷಧಿ ಇಲ್ಲ.

ಇತಿಹಾಸ ಓದೋ ಗೆಳೆಯರಿಗೆ ಒಂದು ಚೂರು ಉಳಿಸಿದ್ದೆ. 1068ರಲ್ಲಿ ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರ, ವಾಸಿಯಾಗದ ಕಾಯಿಲೆಯಿಂದ ಬೇಸತ್ತು, ನಮ್ಮ ಕಡೆಯ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಆಗ ಇಲ್ಲಿ ಹೊಳಿಗೆ ಏನು ಸಿಕ್ಕರೂ ಅದು ಕೊನೆಗೆ ಬಂಗಾಳ ಕೊಲ್ಲಿಗೆ ಹೋಗೋ ದಾರಿ ತೆರೆದಿತ್ತು. ಇವತ್ತು ಕುರುವತ್ತಿಯ ದಂಡೆಯಿಂದ ಒಂದು ಹಿಡಿ ಮಣ್ಣು ಹೊಳಿಗೆ ಹಾಕಿದ್ರ ಅದು ಬಹುಶಃ ಹಗರಿಬೊಮ್ಮನಹಳ್ಳಿ ದಾಟಲ್ಲ.

ಮುಂದಿನ ಸರಣಿ ಮುಳುಗಡೆ ಊರುಗಳ ಬಗ್ಗೆ. ನಿಮ್ಮ ಮನೆಯಲ್ಲಿ ಹಳೆ ಊರಿನ ಫೋಟೋ, ಹಕ್ಕುಪತ್ರ, ಪರಿಹಾರದ ಕಾಗದ ಏನಾದ್ರೂ ಇದ್ರ ಮೆಸೇಜ್ ಮಾಡ್ರಿ. ಅಜ್ಜ-ಅಜ್ಜಿ ಇದ್ರ, ಬ್ಯಾಸಗಿಯಲ್ಲಿ ನೀರು ಇಳಿದಾಗ ಯಾವ ಊರಿನ ಗುಡಿ ಮೊದಲು ಕಾಣ್ತಿತ್ತು, ಈಗಲೂ ಕಾಣ್ತದೋ ಅಥವಾ ಹೂಳು ಮುಚ್ಚೈತೋ ಅಂತ ಕೇಳಿ ಬರೆದು ಕಳಿಸ್ರಿ.

#ತುಂಗಭದ್ರಾ #ಹಿರೇಹಡಗಲಿ #ಕೃಷ್ಣಾಡೆಲ್ಟಾ #ನಮ್ಮಹೊಳಿ